ಬಾಡಿಗೆ ಕಡಿಮೆ ಇದ್ದರೆ ಏಕೆ ಎಂದು ಕೇಳಿ

ಪ್ರಶ್ನೆ: ನಮ್ಮ ಯಜಮಾನರು ವೆಲ್ಡಿಂಗ್ ಕೆಲಸದವರು. ಬಳ್ಳಾರಿಯಲ್ಲಿ ಕೆಲಸ ಕಡಿಮೆಯಾಗಿದೆ. ವಿಜಯವಾಡದ ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿನವರು ತಿಂಗಳಿಗೆ 18,000 ಕೊಡುತ್ತೇವೆ, ಬನ್ನಿ ಎಂದಿದ್ದಾರೆ. ವಿಶಾಖಪಟ್ಟಣದ ಗಾಜುವಾಕದಲ್ಲೂ ಪರಿಚಯದವರಿದ್ದಾರೆ, ಆದರೆ ಕೆಲಸ ಇನ್ನೂ ಖಚಿತವಿಲ್ಲ. ಐದು ಸಾವಿರದೊಳಗೆ ಮನೆ ಸಿಗುತ್ತದೆಯೇ? ಒಬ್ಬರು ಮೊಬೈಲಿಗೆ ಮನೆಯ ಫೋಟೊ ಕಳಿಸಿ, ಇವತ್ತೇ ಅಡ್ವಾನ್ಸ್ ಹಾಕಿ ಎನ್ನುತ್ತಿದ್ದಾರೆ. ಮಗ ಎರಡನೇ ಕ್ಲಾಸಿನಲ್ಲಿದ್ದಾನೆ. ಏನು ಮಾಡಲಿ?
– ಓದುಗರು, ಬಳ್ಳಾರಿ

ತಂಗಿ, ಮೊದಲು ಆ ಅಡ್ವಾನ್ಸಿನ ಮಾತು. ಒಂದು ರೂಪಾಯಿಯನ್ನೂ ಹಾಕಬೇಡಿ. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಮನೆ ಖಾಲಿ ಇದೆ ಎಂದು ಹೇಳಿ ಕ್ಯೂಆರ್ ಕೋಡ್ ಕಳಿಸುವ ಮೋಸ ದೇಶದ ಎಲ್ಲ ಊರಲ್ಲೂ ನಡೆಯುತ್ತಿದೆ. ಈಗಾಗಲೇ ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎರಡು ಊರಲ್ಲಿ ಯಾವುದು ಎಂದರೆ, ಕೆಲಸ ಖಚಿತವಿರುವ ವಿಜಯವಾಡವೇ ಸರಿ. ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿಯಿಂದ ನೇರವಾಗಿ ಅಲ್ಲಿಗೆ ಹೋಗುತ್ತದೆ. ವಿಶಾಖಪಟ್ಟಣ ಅಲ್ಲಿಂದ ಮುಂದೆ ಇನ್ನೂ ಸುಮಾರು 350 ಕಿಲೋಮೀಟರ್. ಹಬ್ಬಕ್ಕೋ ಕಾಯಿಲೆಗೋ ಊರಿಗೆ ಬಂದುಹೋಗುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ.

ಐದು ಸಾವಿರದೊಳಗೆ ಇಡೀ ಫ್ಲ್ಯಾಟಿನ ಆಸೆ ಬಿಡಿ. ನೋಡಬೇಕಾದದ್ದು ‘ಪೋರ್ಷನ್’, ಅಂದರೆ ಮಾಲೀಕರ ಮನೆಯದೇ ಒಂದು ಭಾಗ. ಇಂಥವು ಬ್ರೋಕರನ ಕೈಗೆ ಬರುವುದು ಕಡಿಮೆ. ಗೇಟಿಗೆ ತೂಗುಹಾಕಿದ ಟು-ಲೆಟ್ ಬೋರ್ಡಿನಲ್ಲಿ, ಮೂಲೆಯ ಕಿರಾಣಿ ಅಂಗಡಿಯವರ ಬಾಯಲ್ಲಿ ಇರುತ್ತವೆ. ಆಟೋನಗರದ ಸುತ್ತ ಪಟಮಟ, ಕಾನೂರು, ಎನಿಕೆಪಾಡು, ಯನಮಲಕುದುರು ಕಡೆ ಒಳಗಲ್ಲಿಗಳಲ್ಲಿ ನಡೆದು ನೋಡಬೇಕು. ಬಳ್ಳಾರಿಯವರಾದ ನಿಮಗೆ ತೆಲುಗಿನ ತೊಡಕಿರಲಾರದು. ಹಾಗಾಗಿ ಯಜಮಾನರು ಮೊದಲು ಒಬ್ಬರೇ ಹೋಗಲಿ, ಒಂದು ತಿಂಗಳು ಜೊತೆ ಕೆಲಸಗಾರರ ರೂಮಿನಲ್ಲಿರಲಿ. ಸಂಬಳ ಸರಿಯಾಗಿ ಕೈಗೆ ಬರುತ್ತದೆಯೇ ಎಂಬುದೂ ಅಷ್ಟರಲ್ಲಿ ತಿಳಿಯುತ್ತದೆ.

ಮನೆ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಕಾರಣ ಕೇಳಿ. ಆ ಊರಿನಲ್ಲಿ ಈ ಪ್ರಶ್ನೆ ಜೀವಕ್ಕೆ ಸಂಬಂಧಿಸಿದ್ದು. 2024ರ ಸೆಪ್ಟೆಂಬರ್ ಮೊದಲ ದಿನ ಬುಡಮೇರು ಹಳ್ಳ ಉಕ್ಕಿ ಅಜಿತ್‌ಸಿಂಗ್ ನಗರ, ಪಾಯಕಾಪುರಂ ಕಡೆಯ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಕೆಳಮನೆಯವರ ಫ್ರಿಜ್ಜು, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಹೋದವು. ಅದರ ಹಿಂದಿನ ದಿನವೇ ಮೊಗಲ್ರಾಜಪುರಂನಲ್ಲಿ ಗುಡ್ಡ ಕುಸಿದು ಜನ ಸತ್ತರು. ತಗ್ಗಿನಲ್ಲೂ ಗುಡ್ಡದ ಇಳಿಜಾರಿನಲ್ಲೂ ಬಡವರೇ ಇರುವುದು, ಬಾಡಿಗೆ ಅಲ್ಲೇ ಕಡಿಮೆ ಎಂಬ ಕಾರಣಕ್ಕೆ. ಇದು ನನಗೆ ಬಹಳ ಸಂಕಟ ಕೊಡುವ ಸಂಗತಿ. ಆದ್ದರಿಂದ ಮಾಲೀಕರನ್ನು ಕೇಳಿ ಸುಮ್ಮನಾಗಬೇಡಿ. ಪಕ್ಕದ ಮನೆಯ ಅಮ್ಮನನ್ನು ಕೇಳಿ, ಆ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಎಂದು. ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ತಗ್ಗಿನಲ್ಲೇ ಇರಬೇಕಾಗಿ ಬಂದರೆ, ಐನೂರು ಹೆಚ್ಚಾದರೂ ಮೇಲಂತಸ್ತೇ ಹಿಡಿಯಿರಿ. ಮುಂದೆ ವಿಶಾಖಪಟ್ಟಣಕ್ಕೆ ಹೋಗುವುದಾದರೆ ಶೀಟಿನ ಮನೆಯ ವಿಷಯದಲ್ಲಿ ಇದೇ ಎಚ್ಚರ ಇರಲಿ. 2014ರ ಅಕ್ಟೋಬರಿನ ಹುದ್‌ಹುದ್ ಚಂಡಮಾರುತದಲ್ಲಿ ಶೀಟುಗಳು ಹಾರಿಹೋದದ್ದನ್ನು ಆ ಊರು ಮರೆತಿಲ್ಲ.

ಟಿಡ್ಕೋ ಫ್ಲ್ಯಾಟ್ ಕೊಡಿಸುತ್ತೇನೆ ಎಂದು ಯಾರಾದರೂ ಮುಂದೆ ಬರಬಹುದು. 300, 365, 430 ಚದರಡಿಯ ಆ ಮನೆಗಳು ಸರ್ಕಾರ ಫಲಾನುಭವಿಗಳಿಗೆ ಹಂಚಿದವು, ಅವರ ವಾಸಕ್ಕೆಂದೇ ಕಟ್ಟಿದವು. ಬಾಯಿಮಾತಿನ ಮೇಲೆ ಅಲ್ಲಿ ಬಾಡಿಗೆಗೆ ಹೊಕ್ಕರೆ ನಾಳೆ ತಪಾಸಣೆ ಬಂದಾಗ ನಿಮ್ಮ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಬೇಡ.

ಕರೆಂಟಿಗೆ ಪ್ರತ್ಯೇಕ ಮೀಟರ್ ಇದೆಯೇ ನೋಡಿ. ಮೂರ್ನಾಲ್ಕು ಪೋರ್ಷನ್ನಿಗೆ ಒಂದೇ ಮೀಟರ್ ಇದ್ದರೆ ಎಲ್ಲರ ಯೂನಿಟ್ಟೂ ಕೂಡಿ ಮೇಲಿನ ಸ್ಲ್ಯಾಬಿಗೆ ಏರುತ್ತದೆ, ಒಂದೇ ಫ್ಯಾನು ತಿರುಗಿಸಿದವರೂ ಹೆಚ್ಚಿನ ದರ ತೆರಬೇಕಾಗುತ್ತದೆ. ವಿಜಯವಾಡದ ಮೇ ತಿಂಗಳ ಸೆಕೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಕುಡಿಯುವ ನೀರು ನಲ್ಲಿಯದೋ ಕ್ಯಾನಿನದೋ ಎಂಬುದನ್ನೂ ಕೇಳಿ. ಬಾಡಿಗೆ, ಕರೆಂಟು, ನೀರು, ಬಸ್ಸು ನಾಲ್ಕೂ ಸೇರಿ ಆರು ಸಾವಿರ ದಾಟಬಾರದು.

ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳಿದರೆ ಚೌಕಾಸಿ ಮಾಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಇಟ್ಟ ಮಿತಿಯೂ ಅಷ್ಟೇ. ಹನ್ನೊಂದು ತಿಂಗಳ ಕರಾರುಪತ್ರ ಮಾಡಿಸಿ, ಮನೆ ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಅದರಲ್ಲೇ ಬರೆಸಿ. ಜಗಳ ಹುಟ್ಟುವುದು ಹೆಚ್ಚಾಗಿ ಆ ಬಣ್ಣದ ದುಡ್ಡಿಗೇ. ಆಷಾಢದಲ್ಲಿ ಅಲ್ಲಿಯೂ ಬಹಳ ಜನ ಮನೆ ಬದಲಿಸುವುದಿಲ್ಲ. ಖಾಲಿ ಬಿದ್ದ ಪೋರ್ಷನ್ನಿಗೆ ಆಗ ಬಾಡಿಗೆ ಇಳಿಸಿ ಕೇಳಬಹುದು.

ಊರಲ್ಲಿ ಬಿಪಿಎಲ್ ರೇಷನ್ ಕಾರ್ಡ್ ಇದ್ದರೆ ಅದನ್ನು ರದ್ದು ಮಾಡಿಸಬೇಡಿ. ‘ಒಂದು ದೇಶ ಒಂದು ರೇಷನ್ ಕಾರ್ಡ್’ ವ್ಯವಸ್ಥೆಯಲ್ಲಿ ಬೆರಳಚ್ಚು ಕೊಟ್ಟು ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಬಹುದು. ಅತ್ತೆ ಮಾವ ಊರಲ್ಲೇ ಉಳಿದರೆ ಅವರ ಪಾಲು ಅವರು ಬಳ್ಳಾರಿಯಲ್ಲೇ ತೆಗೆದುಕೊಳ್ಳಲಿ.

ಆಂಧ್ರದಲ್ಲೂ ಶಾಲೆ ಶುರುವಾಗುವುದು ಜೂನಿನಲ್ಲಿ. ಅಷ್ಟರೊಳಗೆ ಮನೆ ಗೊತ್ತಾಗದಿದ್ದರೆ ಆತುರ ಪಡದೆ ಮಗನನ್ನು ಬಳ್ಳಾರಿಯ ಶಾಲೆಯಲ್ಲೇ ಮುಂದುವರಿಸಿ. ಯಜಮಾನರು ಮನೆ ಕಂಡುಹಿಡಿದ ಮೇಲೆ ನೀವೂ ಒಮ್ಮೆ ಹೋಗಿ, ಅಡಿಗೆಮನೆ, ಬಚ್ಚಲು ಕಣ್ಣಾರೆ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ, ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ.