ಹುಳುಮನೆಗೆ ಎಷ್ಟು ಕರೆಂಟು ಬೇಕು? – ‘ವಿದ್ಯುತ್ ಸಾಮರ್ಥ್ಯ’ ಪಾಠದಲ್ಲಿ ನಾನು ಎಡವಿದ್ದು, ತಿದ್ದಿಕೊಂಡದ್ದು

ಹಿನ್ನೆಲೆ

ಬೋಧನಾಭ್ಯಾಸಕ್ಕಾಗಿ ನನಗೆ ರಾಮನಗರ ತಾಲೂಕಿನ ಒಂದು ಪ್ರೌಢಶಾಲೆ ದೊರೆತಿತ್ತು. ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಘಟಕದಲ್ಲಿ ವಿದ್ಯುತ್ ಸಾಮರ್ಥ್ಯದ ಭಾಗವನ್ನು ಮೂರು ಅವಧಿಗಳಲ್ಲಿ ಮುಗಿಸಬೇಕಿತ್ತು. ಸೂತ್ರ ಚಿಕ್ಕದು, ಲೆಕ್ಕಗಳು ಸುಲಭ. ಪಾಠಯೋಜನೆ ಬರೆಯುವಾಗ ನನಗೆ ಯಾವ ಅಳುಕೂ ಇರಲಿಲ್ಲ.

ಉದಾಹರಣೆಗೆ ಮಾತ್ರ ಪಠ್ಯಪುಸ್ತಕದ ಇಸ್ತ್ರಿಪೆಟ್ಟಿಗೆಯನ್ನು ಬಿಟ್ಟು, ರೇಷ್ಮೆ ಹುಳು ಸಾಕುವ ಮನೆಯನ್ನು ಆರಿಸಿಕೊಂಡೆ. ತರಗತಿಯ 34 ಮಕ್ಕಳಲ್ಲಿ 19 ಮಂದಿಯ ಮನೆಯಲ್ಲಿ ಹುಳು ಸಾಕುತ್ತಾರೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ನೋಡದ ಮಗು ಅಲ್ಲಿರಲಿಲ್ಲ. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲೂಕುಗಳಲ್ಲಿ ಗೋಡೆಗಳ ಒಳಗೆ, ವಿದ್ಯುತ್ತಿನ ನೆರವಿನಿಂದ ದೊಡ್ಡ ಪ್ರಮಾಣದಲ್ಲಿ ಬೆಳೆ ತೆಗೆಯುವ ಜಾಗ ಎಂದರೆ ಹುಳುಮನೆಯೇ. ಚಾಕಿ ಹಂತದ ಮರಿಹುಳುಗಳಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 80ರಿಂದ 90 ತೇವಾಂಶ ಬೇಕು. ಬೆಳೆದ ಹುಳುಗಳಿಗೆ 24ರಿಂದ 26 ಡಿಗ್ರಿ, ಶೇ. 65ರಿಂದ 75 ತೇವಾಂಶ ಸಾಕು. ಥಂಡಿ ಮತ್ತು ತೇವ ಎರಡೂ ಹೆಚ್ಚಾದರೆ ಸುಣ್ಣಕಟ್ಟು ರೋಗ ಬರುತ್ತದೆ. ಹಾಗಾಗಿ ಧನುರ್ಮಾಸದ ರಾತ್ರಿಯಲ್ಲಿ ಹೀಟರ್ ಕೈಕೊಟ್ಟರೆ ಅದು ಇಡೀ ಬೆಳೆಯ ಪ್ರಶ್ನೆಯಾಗುತ್ತದೆ.

ಮೊದಲ ಅವಧಿ: ಲೋಡ್ ಪಟ್ಟಿ

ಸಾಮರ್ಥ್ಯ = ವಿಭವಾಂತರ × ವಿದ್ಯುತ್ ಪ್ರವಾಹ ಎಂಬ ಸೂತ್ರವನ್ನು ಪರಿಚಯಿಸಿದ ಮೇಲೆ, ಒಂದು ದೊಡ್ಡ ಹುಳುಮನೆಯಲ್ಲಿ ಏನೇನು ಉಪಕರಣಗಳಿರುತ್ತವೆ ಎಂದು ಕೇಳಿದೆ. ಮಕ್ಕಳು ಹೇಳಿದ್ದನ್ನು ಕಪ್ಪುಹಲಗೆಯ ಮೇಲೆ ಹೀಗೆ ಬರೆದೆವು:

ಹೀಟರ್ 2 – ತಲಾ 2000 ವ್ಯಾಟ್ – 4000 ವ್ಯಾಟ್
ಕೂಲರ್ 2 – ತಲಾ 200 ವ್ಯಾಟ್ – 400 ವ್ಯಾಟ್
ಟ್ಯೂಬ್‌ಲೈಟ್ 10 – ತಲಾ 20 ವ್ಯಾಟ್ – 200 ವ್ಯಾಟ್
ತೇವಾಂಶ ಕೊಡುವ ಯಂತ್ರ 1 – 100 ವ್ಯಾಟ್
ಸೊಪ್ಪು ಕತ್ತರಿಸುವ ಯಂತ್ರ 1 – 1 ಎಚ್.ಪಿ. – 746 ವ್ಯಾಟ್

ಒಟ್ಟು 5446 ವ್ಯಾಟ್. 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 23.7 ಆಂಪಿಯರ್. ಉತ್ತರ ಬಂತೆಂದು ನಾನು ಮುಂದಕ್ಕೆ ಹೊರಟೆ. ಮುಂದಿನ ಬೆಂಚಿನ ಒಬ್ಬ ಹುಡುಗಿ ತಡೆದಳು: “ಮೇಡಂ, ಹೀಟರೂ ಕೂಲರೂ ಒಟ್ಟಿಗೆ ಯಾರು ಹಾಕ್ತಾರೆ?”

ಅವಳ ಮಾತು ಸರಿ. ಚಳಿಗಾಲದ ರಾತ್ರಿ ಹೀಟರ್, ದೀಪ, ತೇವಾಂಶ ಯಂತ್ರ ಸೇರಿ 4300 ವ್ಯಾಟ್. ಬೇಸಿಗೆಯ ಹಗಲು ಹೀಟರ್ ಬಿಟ್ಟು ಉಳಿದೆಲ್ಲ ಸೇರಿ 1446 ವ್ಯಾಟ್. ಜೋಡಿಸಿರುವ ಒಟ್ಟು ಲೋಡ್ ಬೇರೆ, ಒಂದೇ ಹೊತ್ತಿನಲ್ಲಿ ಎಳೆಯುವ ಗರಿಷ್ಠ ಲೋಡ್ ಬೇರೆ. ತಂತಿ, ಫ್ಯೂಸ್, ಸಂಪರ್ಕ ಇವೆಲ್ಲ ಆ ಎರಡನೆಯದನ್ನು ತಾಳಬೇಕು. ಈ ವ್ಯತ್ಯಾಸ ನನ್ನ ಪಾಠಯೋಜನೆಯಲ್ಲಿ ಇರಲೇ ಇಲ್ಲ. ಆ ಹುಡುಗಿಯಿಂದ ಬಂತು.

ನಾನು ತಪ್ಪಿದ್ದು

ಅವಧಿ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಮೇಡಂ, ನಮ್ ಹುಳುಮನೇಲಿ ಸಂಜೆ ಮೇಲೆ ಸ್ಟೆಬಿಲೈಜರ್ 180 ಅಂತ ತೋರಿಸ್ತದೆ. ಆಗ ಹೀಟರ್ ಏನಾಗ್ತದೆ?”

ನಾನು ತಡಮಾಡದೆ ಹಲಗೆಯ ಮೇಲೆ ಬರೆದೆ: 2000 ÷ 180 = 11.1 ಆಂಪಿಯರ್. 230 ವೋಲ್ಟ್ ಇದ್ದಾಗ 8.7 ಆಂಪಿಯರ್. “ನೋಡಿ, ವೋಲ್ಟೇಜ್ ಇಳಿದರೆ ಕರೆಂಟ್ ಏರುತ್ತದೆ” ಎಂದೆ.

ಅವನು ಕೂರಲಿಲ್ಲ. “ಹಂಗಾದ್ರೆ ಹೀಟರ್ ಇನ್ನೂ ಜಾಸ್ತಿ ಕಾಯ್ಬೇಕಲ್ವಾ ಮೇಡಂ? ನಮ್ದು ಕಾಯಿಲ್ ಕೆಂಪಗೇ ಆಗಲ್ಲ. ಹೋದ ಸಲ ಜ್ವರದಿಂದ ಎದ್ದ ಹುಳು ಸೊಪ್ಪೇ ತಿನ್ಲಿಲ್ಲ.”

ತರಗತಿ ನಕ್ಕಿತು, ಗಂಟೆ ಬಾರಿಸಿತು. “ನಾಳೆ ನೋಡೋಣ” ಎಂದು ಹೊರಬಂದೆ. ಹಿಂದೆ ಕೂತು ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ಒಂದೇ ಪ್ರಶ್ನೆ ಕೇಳಿದರು: “ಹೀಟರ್‌ನಲ್ಲಿ ಬದಲಾಗದೆ ಇರೋದು ಯಾವುದಮ್ಮ, ವ್ಯಾಟೋ, ರೋಧವೋ?”

ಆಗ ತಪ್ಪು ಹೊಳೆಯಿತು. ಹೀಟರ್ ಮೇಲೆ ಬರೆದ 2000 ವ್ಯಾಟ್ ಎಂಬುದು 230 ವೋಲ್ಟ್ ಸಿಕ್ಕಾಗಿನ ಮಾತು. ಹೆಚ್ಚು ಕಡಿಮೆ ಸ್ಥಿರವಾಗಿರುವುದು ಕಾಯಿಲ್‌ನ ರೋಧ. ವಿಭವಾಂತರದ ವರ್ಗವನ್ನು ಸಾಮರ್ಥ್ಯದಿಂದ ಭಾಗಿಸಿದರೆ ಅದು 26.45 ಓಮ್. 180 ವೋಲ್ಟ್‌ನಲ್ಲಿ ಹರಿಯುವ ವಿದ್ಯುತ್ ಪ್ರವಾಹ 180 ÷ 26.45 = 6.8 ಆಂಪಿಯರ್. ಸಿಗುವ ಸಾಮರ್ಥ್ಯ 180 × 6.8, ಅಂದರೆ ಸುಮಾರು 1225 ವ್ಯಾಟ್. ವೋಲ್ಟೇಜ್ ಶೇ. 22ರಷ್ಟು ಇಳಿದರೆ ಶಾಖ ಶೇ. 39ರಷ್ಟು ಇಳಿಯುತ್ತದೆ. ಹುಡುಗ ಕಣ್ಣಾರೆ ಕಂಡದ್ದು ಸರಿ, ನಾನು ಹಲಗೆಯ ಮೇಲೆ ಬರೆದದ್ದು ತಪ್ಪು. ನಾನು ಹೇಳಿದ ಮಾತು ಹೊಂದುವುದು ಭಾರ ಹೊತ್ತು ತಿರುಗುವ ಮೋಟಾರಿಗೆ. ಅದೇ ಕೆಲಸ ಮಾಡಬೇಕಾದ ಮೋಟಾರು ಕಡಿಮೆ ವೋಲ್ಟೇಜ್‌ನಲ್ಲಿ ಹೆಚ್ಚು ಪ್ರವಾಹ ಎಳೆದು ಬಿಸಿಯಾಗುತ್ತದೆ.

ಎರಡನೇ ಅವಧಿ: ತಪ್ಪಿನಿಂದಲೇ ಆರಂಭ

ಮರುದಿನ “ನಿನ್ನೆ ನಾನು ತಪ್ಪು ಹೇಳಿದೆ, ಎಲ್ಲಿ ತಪ್ಪಿದೆ ಅಂತ ನೀವೇ ಹುಡುಕಿ” ಎಂದು ಹಳೆಯ ಲೆಕ್ಕವನ್ನೇ ಹಲಗೆಯ ಮೇಲೆ ಬರೆದೆ. ಪಕ್ಕದಲ್ಲಿ 26.45 ಓಮ್ ಎಂದಷ್ಟೇ ಸೂಚನೆ ಕೊಟ್ಟೆ. ಏಳು ಗುಂಪುಗಳಲ್ಲಿ ಐದು ಗುಂಪುಗಳು ಹತ್ತು ನಿಮಿಷದೊಳಗೆ 1225 ವ್ಯಾಟ್‌ಗೆ ಬಂದವು.

ನಂತರದ ಪ್ರಶ್ನೆ, ವೋಲ್ಟೇಜ್ ಎಲ್ಲಿ ಕಳೆದುಹೋಗುತ್ತದೆ? ಇದಕ್ಕೆ 6 ವೋಲ್ಟ್ ಬ್ಯಾಟರಿ, ಚಿಕ್ಕ ಬಲ್ಬು, ಒಂದು ಮೀಟರ್ ನೈಕ್ರೋಮ್ ತಂತಿ ಇಟ್ಟುಕೊಂಡು ಚಟುವಟಿಕೆ ಮಾಡಿಸಿದೆ. ಮಂಡಲದಲ್ಲಿ ತಂತಿಯ ಉದ್ದ ಹೆಚ್ಚಿಸಿದಂತೆ ಬಲ್ಬು ಮಂಕಾಯಿತು. ಅದೇ ತಂತಿಯನ್ನು ಎರಡು ಎಳೆ ಮಾಡಿ ಜೋಡಿಸಿದಾಗ ಬೆಳಕು ಏರಿತು. ಮನೆಯ ವಿದ್ಯುತ್ತಿನಲ್ಲಿ ಈ ಪ್ರಯೋಗವನ್ನು ಯಾರೂ ಮಾಡಕೂಡದು ಎಂದು ಮೊದಲೇ ಎಚ್ಚರಿಸಿದ್ದೆ.

ಆಮೇಲೆ ಲೆಕ್ಕಕ್ಕೆ ಬಂದೆವು. ಮನೆಯ ಮೀಟರ್‌ನಿಂದ ಹೊಲದಲ್ಲಿರುವ ಹುಳುಮನೆಗೆ 60 ಮೀಟರ್. ಹೋಗುವ ತಂತಿ, ಬರುವ ತಂತಿ ಸೇರಿ 120 ಮೀಟರ್. ತಾಮ್ರದ ರೋಧಶೀಲತೆ ಪಠ್ಯಪುಸ್ತಕದಲ್ಲಿ 1.62 × 10⁻⁸ ಓಮ್ ಮೀಟರ್. ತಂತಿ 1 ಚದರ ಮಿಲಿಮೀಟರ್ ದಪ್ಪದ್ದಾದರೆ ರೋಧ 1.94 ಓಮ್. ಸಮಾಂತರವಾಗಿ ಜೋಡಿಸಿದ ಎರಡು ಹೀಟರ್‌ಗಳ ಒಟ್ಟು ರೋಧ 13.2 ಓಮ್. ಇವೆರಡೂ ಸರಣಿಯಲ್ಲಿವೆ. ಮೀಟರ್ ಬಳಿ ಪೂರ್ತಿ 230 ವೋಲ್ಟ್ ಇದೆ ಎಂದುಕೊಂಡರೂ ಫಲಿತಾಂಶ ಹೀಗೆ:

1 ಚದರ ಮಿ.ಮೀ. ತಂತಿ: ಪ್ರವಾಹ 15.2 ಆಂಪಿಯರ್, ಹೀಟರ್‌ಗಳಿಗೆ ಸಿಗುವುದು ಸುಮಾರು 200 ವೋಲ್ಟ್, 3040 ವ್ಯಾಟ್, ತಂತಿಯಲ್ಲೇ ವ್ಯರ್ಥ 447 ವ್ಯಾಟ್.
4 ಚದರ ಮಿ.ಮೀ. ತಂತಿ: ಪ್ರವಾಹ 16.8 ಆಂಪಿಯರ್, ಹೀಟರ್‌ಗಳಿಗೆ ಸಿಗುವುದು ಸುಮಾರು 222 ವೋಲ್ಟ್, 3720 ವ್ಯಾಟ್, ತಂತಿಯಲ್ಲಿ ವ್ಯರ್ಥ 137 ವ್ಯಾಟ್.

ಮೊದಲ ಸಾಲಿನ 447 ವ್ಯಾಟ್‌ಗೂ ಮೀಟರ್ ಓಡುತ್ತದೆ, ಆದರೆ ಆ ಶಾಖ ಹುಳುವಿಗೆ ತಲುಪುವುದಿಲ್ಲ. ಅಷ್ಟು ಸಣ್ಣ ತಂತಿಗೆ 15 ಆಂಪಿಯರ್ ಹೊರೆಯೂ ಹೆಚ್ಚು. ಹೊದಿಕೆ ಕರಗಿ ಬೆಂಕಿ ಹತ್ತಬಹುದು. ಚಳಿ ಹೆಚ್ಚಾಯಿತೆಂದು ಅದೇ ತಂತಿಗೆ ಮೂರನೇ ಹೀಟರ್ ಸಿಕ್ಕಿಸಿದರೆ ಆಗುವ ಅಪಾಯವನ್ನು ಮಕ್ಕಳೇ ವಿವರಿಸಿದರು.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿಯನ್ನು ಸೇರಿಸಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಸಾಗಿಸಿದಾಗ ಸಾವಿರಾರು ವೋಲ್ಟ್‌ಗೆ ಏರಿಸಿಯೇ ಕಳುಹಿಸಿದರು. ಸಾಮರ್ಥ್ಯ ಅಷ್ಟೇ ಇದ್ದು ವೋಲ್ಟೇಜ್ ಹೆಚ್ಚಾದರೆ ಪ್ರವಾಹ ಕಡಿಮೆ ಸಾಕು. ತಂತಿಯ ನಷ್ಟ ಪ್ರವಾಹದ ವರ್ಗಕ್ಕೆ ಅನುಗುಣ. 60 ಮೀಟರ್‌ನ ಹುಡುಗನ ಕಷ್ಟವೂ 147 ಕಿ.ಮೀ.ನ ಎಂಜಿನಿಯರರ ಕಷ್ಟವೂ ಒಂದೇ ಎಂದು ಮಕ್ಕಳಿಗೆ ಅರ್ಥವಾಯಿತು.

ಮನೆಕೆಲಸ ತಂದ ತೊಡಕು

ಮನೆಯ ವಿದ್ಯುತ್ ಬಿಲ್ ತಂದು ಮಂಜೂರಾದ ಲೋಡ್ ಎಷ್ಟೆಂದು ನೋಡಿ ಎಂದು ಮನೆಕೆಲಸ ಕೊಟ್ಟಿದ್ದೆ. ಒಂದು ಬಿಲ್‌ನಲ್ಲಿ 2 ಕಿಲೋವ್ಯಾಟ್ ಇತ್ತು. ನಮ್ಮ ಚಳಿಗಾಲದ ಲೆಕ್ಕ 4.3 ಕಿಲೋವ್ಯಾಟ್. ಹೋಲಿಕೆ ಚೆನ್ನಾಗಿ ಕೂಡಿಬಂತು.

ಆದರೆ ಒಬ್ಬ ಹುಡುಗ ಬಿಲ್ ತರಲಿಲ್ಲ. ಕಾರಣ ಕೇಳಿದೆ, ಎಲ್ಲರ ಮುಂದೆ. ತಲೆ ತಗ್ಗಿಸಿ ನಿಂತ. ಊಟದ ಬಿಡುವಿನಲ್ಲಿ ಬಂದು, ಅವರ ಹುಳುಮನೆಗೆ ಕೊಳವೆಬಾವಿ ಮೋಟಾರಿನ ಲೈನಿನಿಂದಲೇ ತಂತಿ ಎಳೆದಿದ್ದಾರೆಂದು ಹೇಳಿದ. “ಯಾರಿಗೂ ಹೇಳ್ಬೇಡಿ ಮೇಡಂ” ಎಂದ.

ಪಂಪ್‌ಸೆಟ್‌ಗೆಂದು ಕೊಟ್ಟ ಸಂಪರ್ಕವನ್ನು ಬೇರೆ ಕೆಲಸಕ್ಕೆ ಬಳಸುವುದು ನಿಯಮಕ್ಕೆ ವಿರುದ್ಧ. ಮೂರು ಫೇಸ್ ಬರುವುದು ಗೊತ್ತಾದ ಗಂಟೆಗಳಲ್ಲಿ ಮಾತ್ರ, ಆದ್ದರಿಂದ ಹುಳುವಿಗೂ ಅದು ನೆಚ್ಚಿಕೆಯಲ್ಲ. ಇದನ್ನು ಹೇಳದೆ ಇರುವಂತಿರಲಿಲ್ಲ. ಆದರೆ ಹದಿನೈದರ ಹುಡುಗನನ್ನು ಅವನ ಅಪ್ಪನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುವುದು ಪಾಠವಲ್ಲ. ಮಾರ್ಗದರ್ಶಕರ ಸಲಹೆಯಂತೆ ಮೂರನೇ ಅವಧಿಯಲ್ಲಿ ಹೆಸರು, ಆರ್.ಆರ್. ನಂಬರ್ ಇಲ್ಲದ ಒಂದು ಮಾದರಿ ಬಿಲ್ ತಯಾರಿಸಿ ಎಲ್ಲ ಗುಂಪುಗಳಿಗೂ ಕೊಟ್ಟೆ. ನಿಯಮವನ್ನು ಎಲ್ಲರಿಗೂ ಸಾಮಾನ್ಯವಾಗಿ ತಿಳಿಸಿದೆ. ಹುಳುಮನೆಗೆ ಪ್ರತ್ಯೇಕ ಸಂಪರ್ಕಕ್ಕೋ ಹೆಚ್ಚುವರಿ ಲೋಡ್‌ಗೋ ಬೆಸ್ಕಾಂ ಉಪವಿಭಾಗ ಕಚೇರಿಗೆ ಅರ್ಜಿ ಹಾಕಬಹುದು. ವೈರಿಂಗ್ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ದು, ಮಕ್ಕಳದಲ್ಲ. ಗೃಹಜ್ಯೋತಿಯ 200 ಯೂನಿಟ್ ಮನೆ ಬಳಕೆಗೆ. ಎರಡು ಹೀಟರ್ ರಾತ್ರಿಗೆ 8 ಗಂಟೆ ಪೂರ್ತಿ ಉರಿದರೆ 32 ಯೂನಿಟ್, ಆರು ರಾತ್ರಿಗೆ 192 ಯೂನಿಟ್ ಎಂದು ಮಕ್ಕಳೇ ಲೆಕ್ಕ ಹಾಕಿದರು.

ಮೌಲ್ಯಮಾಪನ

ಕೊನೆಗೆ ಒಂದೇ ಪ್ರಶ್ನೆ ಕೊಟ್ಟೆ: “ಹುಳುಮನೆಗೆ ಸಾಕಷ್ಟು ಕರೆಂಟು ಇದೆಯೇ ಎಂದು ತಿಳಿಯಲು ಏನೇನು ನೋಡುತ್ತೀರಿ?” 34ರಲ್ಲಿ 26 ಮಕ್ಕಳು ಮೂರೂ ಅಂಶಗಳನ್ನು ಬರೆದರು: ಒಂದೇ ಹೊತ್ತಿಗೆ ಬೇಕಾದದ್ದು ಎಷ್ಟು, ಸಂಪರ್ಕಕ್ಕೆ ಮಂಜೂರಾದದ್ದು ಎಷ್ಟು, ತಂತಿಯ ತುದಿಗೆ ತಲುಪುವುದು ಎಷ್ಟು. ನಾಲ್ವರು ನಾನು ಕಲಿಸದ ನಾಲ್ಕನೆಯದನ್ನೂ ಸೇರಿಸಿದ್ದರು: ಬೇಕಾದದ್ದನ್ನೇ ಕಡಿಮೆ ಮಾಡುವುದು. ಶೀಟಿನ ಕೆಳಗೆ ಒಳಚಾವಣಿ, ಚಳಿಗೆ ಕಿಟಕಿ ಸಂದು ಮುಚ್ಚುವುದು, ಬೇಸಿಗೆಗೆ ಒದ್ದೆ ಗೋಣಿತಾಟು, ಸುತ್ತ ಮರದ ನೆರಳು. ಉಳಿದ ಎಂಟು ಮಂದಿ ವ್ಯಾಟ್‌ಗಳನ್ನು ಕೂಡಿಸುವುದರಲ್ಲೇ ನಿಂತರು. ಅವರಿಗೆ ಬ್ಯಾಟರಿ-ಬಲ್ಬಿನ ಚಟುವಟಿಕೆಯನ್ನು ಮತ್ತೆ ಮಾಡಿಸಿದೆ.

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಮತ್ತೆ ಮಾಡುವುದಾದರೆ ಮೂರು ಬದಲಾವಣೆ ಮಾಡುತ್ತೇನೆ. ಒಂದು, ಉಪಕರಣದ ಮೇಲೆ ಬರೆದ ವ್ಯಾಟ್ ಯಾವ ವೋಲ್ಟೇಜ್‌ಗೆ ಎಂಬುದನ್ನು ಮೊದಲ ದಿನವೇ ಕೇಳುತ್ತೇನೆ. ಎರಡು, ಮಕ್ಕಳ ಮನೆಯ ಅನುಭವವನ್ನು ಕೇಳುತ್ತೇನೆ, ಮನೆಯ ಕಾಗದಪತ್ರ ಕೇಳುವುದಿಲ್ಲ. ಮೂರು, ಹೀಟರ್ ಮತ್ತು ಮೋಟಾರು ಎರಡನ್ನೂ ಒಟ್ಟಿಗೆ ಇಟ್ಟು ಹೋಲಿಸುತ್ತೇನೆ. ಚನ್ನಪಟ್ಟಣದಲ್ಲಿ ಪಾಠ ಮಾಡುವವರಿಗೆ ಇದಕ್ಕೆ ಬೊಂಬೆ ಕಡೆಯುವ ಯಂತ್ರದ ಮೋಟಾರು ಹತ್ತಿರದ ಉದಾಹರಣೆ.

180 ವೋಲ್ಟ್‌ನ ಹುಡುಗ ನನ್ನ ಕೊನೆಯ ದಿನ ಬಂದು, ಮನೆಯಿಂದ ಹುಳುಮನೆಗೆ 82 ಹೆಜ್ಜೆ ಎಂದೂ ತಂತಿ ಮಧ್ಯದಲ್ಲಿ ಎರಡು ಕಡೆ ಜೋಡಿಸಿದ್ದಾರೆ ಎಂದೂ ಹೇಳಿದ. ಈ ಬೆಳೆಯ ಗೂಡು ಮಾರಿದ ಮೇಲೆ ಅವನ ಅಪ್ಪ ಎಲೆಕ್ಟ್ರಿಷಿಯನ್‌ನನ್ನು ಕರೆಸುತ್ತಾರಂತೆ. “ಜೋಡಿಸಿದ ಕಡೆ ರೋಧ ಜಾಸ್ತಿ ಇರ್ತದಾ ಮೇಡಂ?” ಎಂದು ಕೇಳಿದ. ಇರುತ್ತದೆ, ಸಡಿಲವಾಗಿದ್ದರೆ ಅಲ್ಲಿಯೇ ಬಿಸಿಯಾಗುತ್ತದೆ ಎಂದೆ. ಈ ಸಲ ಉತ್ತರಿಸುವ ಮೊದಲು ಸ್ವಲ್ಪ ಯೋಚಿಸಿದ್ದೆ.