ಪಾಕ್ಸೋಸ್ ದ್ವೀಪಕ್ಕೆ ಹೊರಟವರ ಪ್ರಶ್ನೆಗಳು

ಆಗಸ್ಟ್‌ನಲ್ಲಿ ಗ್ರೀಸ್‌ನ ಪಾಕ್ಸೋಸ್ ದ್ವೀಪಕ್ಕೆ ಹೋಗುತ್ತಿದ್ದೇವೆ. ನಾನು, ನಮ್ಮ ಯಜಮಾನರು, ಏಳು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು. ಅಲ್ಲಿ ಲೈಸೆನ್ಸ್ ಇಲ್ಲದಿದ್ದರೂ ದೋಣಿ ಬಾಡಿಗೆಗೆ ಸಿಗುತ್ತದಂತೆ, ನಿಜವೇ? ಕಾರು ಬಿಟ್ಟು ಬೇರೇನೂ ಓಡಿಸದವರು ಧೈರ್ಯ ಮಾಡಬಹುದೇ?
– ಓದುಗರೊಬ್ಬರು, ಮ್ಯೂನಿಕ್

ನಿಜ. ಗ್ರೀಸ್‌ನಲ್ಲಿ 30 ಹಾರ್ಸ್‌ಪವರ್‌ವರೆಗಿನ ಎಂಜಿನ್ ಇರುವ ಸಣ್ಣ ದೋಣಿಗೆ ಲೈಸೆನ್ಸ್ ಕೇಳುವುದಿಲ್ಲ. ಪಾಕ್ಸೋಸ್‌ನ ಗಾಯೋಸ್ ಬಂದರಿನಲ್ಲಿ ಬಾಡಿಗೆಗೆ ಕೊಡುವವರೇ ಸ್ವಲ್ಪ ಹೊತ್ತು ಹೇಳಿಕೊಟ್ಟು, ಕೀಲಿಯನ್ನು ಕೈಗೆ ಕೊಡುತ್ತಾರೆ. ಓಡಿಸುವುದು ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ದೋಣಿಗೆ ಬ್ರೇಕ್ ಇಲ್ಲ, ಆದ್ದರಿಂದ ದಡ ಇನ್ನೂ ದೂರವಿರುವಾಗಲೇ ವೇಗ ಇಳಿಸಬೇಕು. ಎಂಜಿನ್ನಿಗೆ ಸಿಕ್ಕಿಸಿದ ಕೆಂಪು ಸುರುಳಿ ಹಗ್ಗದ ಇನ್ನೊಂದು ತುದಿ ಓಡಿಸುವವರ ಮಣಿಕಟ್ಟಿಗೆ ಇರಲೇಬೇಕು. ಅವರು ನೀರಿಗೆ ಬಿದ್ದರೆ ಹಗ್ಗ ಕಳಚಿ ಎಂಜಿನ್ ತಾನಾಗಿ ಆರುತ್ತದೆ. 'ಕೈಗೆ ತೊಡಕು' ಎಂದು ಅದನ್ನು ಬಿಚ್ಚಿಡುವವರು ಬಹಳ ಮಂದಿ. ನೀವು ಹಾಗೆ ಮಾಡಬೇಡಿ.

ಧೈರ್ಯದ ಪ್ರಶ್ನೆಗೆ ಉತ್ತರ ಗಾಳಿಯಲ್ಲಿದೆ. ಅಯೋನಿಯನ್ ಕಡಲಿನಲ್ಲಿ ಬೇಸಿಗೆಯ ಬೆಳಗು ಸಾಮಾನ್ಯವಾಗಿ ಶಾಂತ. ಮಧ್ಯಾಹ್ನ ದಾಟಿದ ಮೇಲೆ ವಾಯವ್ಯದಿಂದ ಗಾಳಿ ಏಳುತ್ತದೆ, ಅಲ್ಲಿನವರು ಅದನ್ನು ಮಾಯಿಸ್ತ್ರೋಸ್ ಎನ್ನುತ್ತಾರೆ. ನಿಮ್ಮಂಥವರು ಹೋಗುವುದು ದಕ್ಷಿಣದ ಪುಟ್ಟ ದ್ವೀಪ ಆಂಟಿಪಾಕ್ಸೋಸ್‌ಗೆ, ಅಲ್ಲಿನ ವ್ರೀಕಾ ಮತ್ತು ವುತೂಮಿ ಕಡಲತೀರಗಳಿಗೆ. ಮೋಸ ಇರುವುದು ಇಲ್ಲೇ. ಹೋಗುವಾಗ ಗಾಳಿ ಬೆನ್ನ ಹಿಂದಿರುತ್ತದೆ, ಅಲೆ ಇದ್ದರೂ ಗೊತ್ತಾಗುವುದಿಲ್ಲ. ವಾಪಸ್ ಬರುವಾಗ ಅದೇ ಗಾಳಿ ಎದುರಾಗಿ, ದೋಣಿಯ ಮೂತಿ ಪ್ರತಿ ಅಲೆಗೂ ಎದ್ದು ಬೀಳುತ್ತದೆ. ಮಕ್ಕಳು ನೆನೆದು ಅಳಲು ಶುರುಮಾಡುವುದು ಆಗಲೇ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು, ಎರಡು ಗಂಟೆಯೊಳಗೆ ಗಾಯೋಸ್‌ಗೆ ಮರಳುವ ಹಾಗೆ ಲೆಕ್ಕ ಹಾಕಿ. ಪಾಕ್ಸೋಸ್‌ನ ಪಶ್ಚಿಮದ ಸುಣ್ಣಕಲ್ಲಿನ ಬಂಡೆಗಳು, ಗುಹೆಗಳು ಫೋಟೋದಲ್ಲಿ ಕರೆಯುತ್ತವೆ. ಆದರೆ ಆ ಕಡೆ ಗಾಳಿ ಎದ್ದರೆ ದೋಣಿ ಹಚ್ಚಲು ಜಾಗವೇ ಇಲ್ಲ. ಅಲ್ಲಿಗೆ ಸ್ಥಳೀಯ ನಾವಿಕರ ದೋಣಿಯಲ್ಲಿ ಹೋಗಿ. ಹಿಂದಿನ ರಾತ್ರಿಯೇ ಮುನ್ಸೂಚನೆ ನೋಡಿ. ಬ್ಯೂಫೋರ್ಟ್ ಅಳತೆಯಲ್ಲಿ 4 ಎಂದಿದ್ದರೆ ದೋಣಿ ಬಿಟ್ಟು ದಡದಲ್ಲೇ ಈಜಿ. ಮುಂಗಡ ಕೊಟ್ಟಿದ್ದೇವೆ ಎಂಬ ಹಟ ಬೇಡ.

ಲಂಗರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೇಲಿನಿಂದ ನೋಡಿದರೆ ತಳದಲ್ಲಿ ತಿಳಿಬಣ್ಣದ ತೇಪೆಗಳು, ಕಪ್ಪು ತೇಪೆಗಳು ಕಾಣುತ್ತವೆ. ತಿಳಿಬಣ್ಣದ್ದು ಮರಳು, ಲಂಗರು ಅಲ್ಲಿಗೇ ಬಿಡಿ. ಕಪ್ಪಗಿರುವುದು ಪೊಸಿಡೋನಿಯಾ ಎಂಬ ಕಡಲ ಹುಲ್ಲು. ಅದರಲ್ಲಿ ಲಂಗರು ಸರಿಯಾಗಿ ಕಚ್ಚುವುದಿಲ್ಲ, ಮೇಲೆತ್ತುವಾಗ ಹುಲ್ಲು ಬುಡಸಮೇತ ಕಿತ್ತು ಬರುತ್ತದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹಬ್ಬುವ ಹುಲ್ಲು ಅದು, ಮೀನುಮರಿಗಳ ಆಸರೆ. ಲಂಗರಿನ ಹಗ್ಗವನ್ನು ಆಳದ ಮೂರು–ನಾಲ್ಕು ಪಟ್ಟಾದರೂ ಬಿಡಿ. ನೀರು ಎಷ್ಟು ತಿಳಿಯೆಂದರೆ ಐದು ಮೀಟರ್ ಆಳವೂ ಎರಡರಂತೆ ಕಾಣುತ್ತದೆ. ಎಂಜಿನ್ ಆರಿಸಿ, ಕೀಲಿ ತೆಗೆದು, ಏಣಿ ಇಳಿಬಿಟ್ಟ ಮೇಲೆಯೇ ಮಕ್ಕಳನ್ನು ನೀರಿಗಿಳಿಸಿ. ಏಣಿ ಮಡಚಿಕೊಂಡಿದ್ದರೆ ನೀರಿನಿಂದ ದೋಣಿಗೆ ಹತ್ತುವುದು ದೊಡ್ಡವರಿಗೂ ಆಗದ ಕೆಲಸ.

ಅಮ್ಮನಿಗೆ 68 ವರ್ಷ. ಈಜು ಬರುವುದಿಲ್ಲ, ಸೀರೆ ಬಿಟ್ಟು ಬೇರೇನೂ ಉಟ್ಟವರಲ್ಲ. ಅವರನ್ನು ರೂಮಿನಲ್ಲಿ ಒಬ್ಬರೇ ಬಿಟ್ಟು ಹೋಗಲು ಮನಸ್ಸಿಲ್ಲ.
– ಬೆಂಗಳೂರು

ಕರೆದುಕೊಂಡು ಹೋಗಿ. ಆದರೆ ದೋಣಿಯಲ್ಲಿ ಸೀರೆ ಬೇಡ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರೂ ಕಾಲು ಆಡಿಸಲಾರರು. ಚೂಡಿದಾರ್ ಹಾಕಿಸಿ, ಅದರ ಮೇಲೆ ಲೈಫ್ ಜಾಕೆಟ್. 'ಯಾರು ನೋಡುತ್ತಾರೋ' ಎಂಬ ಸಂಕೋಚಕ್ಕೆ ಅಲ್ಲಿ ಕಾರಣವೇ ಇಲ್ಲ. ದೋಣಿಯ ಹಿಂಭಾಗದಲ್ಲಿ, ಮಧ್ಯಕ್ಕೆ ಕೂರಿಸಿ, ಕುಲುಕಾಟ ಅಲ್ಲಿ ಕಡಿಮೆ. ಸೊಂಟನೋವು ಇದ್ದರೆ ಈ ಸಣ್ಣ ದೋಣಿ ಬೇಡವೇ ಬೇಡ. ಗಾಯೋಸ್‌ನಿಂದ ಆಂಟಿಪಾಕ್ಸೋಸ್‌ಗೆ ಬೇಸಿಗೆಯಲ್ಲಿ ಪ್ರಯಾಣಿಕರ ದೋಣಿಗಳೇ ಓಡಾಡುತ್ತವೆ, ಅಮ್ಮನೂ ಇನ್ನೊಬ್ಬರೂ ಅದರಲ್ಲಿ ಬರಲಿ. ಪಾಕ್ಸೋಸ್‌ನ ದಡಗಳಲ್ಲಿ ಮರಳಿಗಿಂತ ಬೆಣಚುಕಲ್ಲೇ ಹೆಚ್ಚು, ಹಿಡಿತವಿರುವ ಚಪ್ಪಲಿ ಮರೆಯಬೇಡಿ.

ನಾನು ಮಲ್ಪೆಯವನು, ಕಡಲಲ್ಲೇ ಈಜು ಕಲಿತವನು. ಮೆಡಿಟರೇನಿಯನ್‌ನಲ್ಲಿ ಉಪ್ಪು ಜಾಸ್ತಿ, ಮುಳುಗಬೇಕೆಂದರೂ ಮುಳುಗುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಮಗಳಿಗೆ ತೋಳಿಗೆ ಹಾಕುವ ಗಾಳಿಚೀಲ ಸಾಕಲ್ಲವೇ?
– ದುಬೈ

ನಿಮ್ಮ ಗೆಳೆಯರು ಮೃತಸಮುದ್ರದ ಗುಣವನ್ನು ಮೆಡಿಟರೇನಿಯನ್‌ಗೆ ಅಂಟಿಸಿದ್ದಾರೆ. ಮೃತಸಮುದ್ರದ ಒಂದು ಲೀಟರ್ ನೀರಿನಲ್ಲಿ 300 ಗ್ರಾಂಗಿಂತ ಹೆಚ್ಚು ಉಪ್ಪಿದೆ. ಮೆಡಿಟರೇನಿಯನ್‌ನಲ್ಲಿ ಇರುವುದು ಸುಮಾರು 38 ಗ್ರಾಂ, ಮಲ್ಪೆಯ ನೀರಿಗಿಂತ ತುಸು ಹೆಚ್ಚು ಅಷ್ಟೆ. ಧಾರಾಳವಾಗಿ ಮುಳುಗಬಹುದು.

ನಿಮ್ಮ ಮಲ್ಪೆಯ ಅನುಭವ ಅರ್ಧ ಉಪಯೋಗಕ್ಕೆ ಬರುತ್ತದೆ. ಪಾಕ್ಸೋಸ್‌ನಲ್ಲಿ ಉಬ್ಬರವಿಳಿತ ಇಲ್ಲವೆನ್ನುವಷ್ಟು ಕಡಿಮೆ, ಮಳೆಗಾಲದ ಅರಬ್ಬಿಯ ಆರ್ಭಟವೂ ಇಲ್ಲ. ಆದರೆ ನಮ್ಮ ಮರಳು ದಂಡೆಯ ಹಾಗೆ ನಿಧಾನಕ್ಕೆ ಇಳಿಯುವ ತಳವನ್ನು ಎಲ್ಲ ಕಡೆ ನಂಬಬೇಡಿ. ನಾಲ್ಕು ಹೆಜ್ಜೆಗೆ ಕಾಲು ನಿಲ್ಲದ ಜಾಗಗಳಿವೆ. ತೋಳಿನ ಗಾಳಿಚೀಲ ಆಟದ ಸಾಮಾನು, ಜಾರಿ ಕಳಚಿಕೊಳ್ಳುತ್ತದೆ. ಗಾಳಿ ತುಂಬಿದ ಹಾಸಿಗೆ, ಬಾತುಕೋಳಿಗಳಂತೂ ದಡದಿಂದ ಬೀಸುವ ಗಾಳಿಗೆ ಮಗುವನ್ನು ಹೊತ್ತು ದೂರ ಸಾಗುತ್ತವೆ. ಮಗಳ ತೂಕಕ್ಕೆ ಸರಿಯಾದ, ಕಾಲುಗಳ ನಡುವೆ ಪಟ್ಟಿ ಇರುವ ಲೈಫ್ ಜಾಕೆಟ್ಟನ್ನು ಬುಕ್ ಮಾಡುವಾಗಲೇ ಕೇಳಿ. ಹೆಗಲ ಬಳಿ ಹಿಡಿದೆತ್ತಿ ನೋಡಿ, ಅದು ಕಿವಿವರೆಗೆ ಸರಿದರೆ ಅಳತೆ ದೊಡ್ಡದು.

ನಾವು ಸಸ್ಯಾಹಾರಿಗಳು. ದ್ವೀಪದಲ್ಲಿ ಊಟದ ಗತಿ?
– ಮೈಸೂರು

ಚಿಂತೆ ಬೇಡ. ಅನ್ನ ತುಂಬಿ ಬೇಯಿಸಿದ ಟೊಮೆಟೊ ಮತ್ತು ದಪ್ಪ ಮೆಣಸಿನಕಾಯಿ ಗೆಮಿಸ್ತಾ, ದೊಡ್ಡ ಬಿಳಿ ಕಾಳಿನ ಗಿಗಾಂತೆಸ್, ಪಾಲಕ್ ಮತ್ತು ಚೀಸ್ ತುಂಬಿದ ಸ್ಪನಕೋಪಿತಾ ಸಿಗುತ್ತವೆ. ಗೆಮಿಸ್ತಾಗೆ ಕೆಲವರು ಕೈಮಾ ಹಾಕುತ್ತಾರೆ, ಕೇಳಿ ತಿನ್ನಿ. ದೋಣಿಗೆ ಎಣ್ಣೆಯ ತಿಂಡಿ ಒಯ್ಯಬೇಡಿ, ವಾಂತಿಗೆ ಅದೇ ಮುಂದಾಳು. ನೀರು ಮಾತ್ರ ಬೇಕೆನಿಸಿದ್ದಕ್ಕಿಂತ ಎರಡರಷ್ಟು ಇರಲಿ.

ಹೋದ ವರ್ಷ ಮಗನಿಗೆ ಜೆಲ್ಲಿಫಿಶ್ ತಾಗಿ ರಜೆಯೆಲ್ಲ ಹಾಳಾಯಿತು. ಈ ಸಲ ಏನು ಮಾಡಬೇಕು?
– ಲಂಡನ್

ಮೆಡಿಟರೇನಿಯನ್‌ನಲ್ಲಿ ಹೆಚ್ಚಾಗಿ ಕಾಟ ಕೊಡುವುದು ನಸುನೇರಳೆ ಬಣ್ಣದ ಪೆಲಾಜಿಯಾ. ತಾಗಿದ ಕೂಡಲೇ ನೀರಿನಿಂದ ಹೊರಬಂದು, ಆ ಜಾಗವನ್ನು ಕಡಲ ನೀರಿನಲ್ಲೇ ತೊಳೆಯಿರಿ. ಸಿಹಿನೀರು ಹಾಕಿದರೆ ಚರ್ಮಕ್ಕಂಟಿದ ಕುಟುಕುಕೋಶಗಳು ಸಿಡಿದು ವಿಷ ಹೆಚ್ಚುತ್ತದೆ. ಮರಳು, ಟವೆಲ್ಲಿನಿಂದ ಉಜ್ಜಬೇಡಿ, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ. ಮೂತ್ರದ ಚಿಕಿತ್ಸೆ ಬರೀ ಸಿನಿಮಾ ಮಾತು. ವಿನೆಗರ್ ಎಲ್ಲ ಜಾತಿಗೂ ಒಗ್ಗುವುದಿಲ್ಲ. ನೋವು ಕಡಿಮೆಯಾಗದಿದ್ದರೆ ಫಾರ್ಮಸಿಗೆ ಹೋಗಿ. ಮಗನಿಗೆ ಮೈಮುಚ್ಚುವ ಈಜುಡುಗೆ ಹಾಕಿಸಿದರೆ ಬಿಸಿಲಿಗೂ ಒಳ್ಳೆಯದು. ಬಂಡೆಗಳ ಮೇಲೆ ಕಪ್ಪು ಮುಳ್ಳಿನ ಸೀ ಅರ್ಚಿನ್‌ಗಳಿರುತ್ತವೆ, ಅಲ್ಲಿ ಬರಿಗಾಲು ಬೇಡ. ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ ಕಾಯಬೇಡಿ. ಗ್ರೀಸ್‌ನಲ್ಲಿ ತುರ್ತು ಸಂಖ್ಯೆ 112. ಕಡಲಲ್ಲಿ ಅಪಾಯವಾದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 108.