ಊರಿನ ಕಾಲೇಜೋ, ದೊಡ್ಡ ವಿಶ್ವವಿದ್ಯಾಲಯವೋ?

ಪಿ.ಯು.ಸಿ. ಫಲಿತಾಂಶ ಬಂದ ವಾರ ದಾವಣಗೆರೆಯ ಎಸ್.ಎಸ್. ಬಡಾವಣೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ರಾತ್ರಿಯ ಊಟ ಮುಗಿದಿದೆ. ಮಗಳಿಗೆ ಒಳ್ಳೆಯ ಅಂಕ ಬಂದಿದೆ. "ಅಪ್ಪಾ, ನನ್ನ ಗೆಳತಿಯರೆಲ್ಲ ಬೆಂಗಳೂರಿಗೆ ಹೋಗ್ತಿದ್ದಾರೆ. ನಾನೂ ದೊಡ್ಡ ಯೂನಿವರ್ಸಿಟಿಗೇ ಸೇರ್ತೀನಿ" ಎನ್ನುತ್ತಾಳೆ. "ಯಾಕ್ರೀ, ಇಲ್ಲಿ ಕಾಲೇಜಿಲ್ಲೇನು? ಮನೆ ಊಟ ಉಂಡ್ಕೊಂಡು ಓದ್ಲಿ ಬಿಡ್ರಿ" ಎನ್ನುತ್ತಾರೆ ತಾಯಿ. ತಂದೆಯ ಮನಸ್ಸಿನಲ್ಲಿ ಹಾಸ್ಟೆಲ್ ಖರ್ಚಿನ ಲೆಕ್ಕ ಓಡುತ್ತಿದೆ. ಬಾಯಲ್ಲಿ "ನೋಡೋಣ" ಎಂಬ ಒಂದೇ ಮಾತು.

ಇಂಥ ರಾತ್ರಿಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಮೂವರ ಮಾತಿನಲ್ಲೂ ನ್ಯಾಯವಿದೆ. ಆದರೆ ಹೆಸರು ನೋಡಿ ತೀರ್ಮಾನಿಸುವ ಮೊದಲು ವ್ಯವಸ್ಥೆಯನ್ನು ಸ್ವಲ್ಪ ಅರಿಯುವುದು ಒಳ್ಳೆಯದು.

ಪಾಠ ಯಾರದು, ಪದವಿ ಯಾರದು?

ಅಮೆರಿಕದಲ್ಲಿ ಆಮ್ಹರ್ಸ್ಟ್, ವಿಲಿಯಮ್ಸ್‌ನಂಥ ಸಣ್ಣ ಕಾಲೇಜುಗಳಿವೆ. ಅಲ್ಲಿ ಸಾಹಿತ್ಯ, ವಿಜ್ಞಾನ, ಇತಿಹಾಸಗಳನ್ನು ಬೆರೆಸಿ ಓದುತ್ತಾರೆ. ಪದವಿಯನ್ನೂ ಕಾಲೇಜೇ ಕೊಡುತ್ತದೆ. ನಮ್ಮಲ್ಲಿ ಹಾಗಲ್ಲ. ಊರಿನ ಬಹುತೇಕ ಪದವಿ ಕಾಲೇಜುಗಳು ವಿಶ್ವವಿದ್ಯಾಲಯವೊಂದಕ್ಕೆ ಸಂಯೋಜಿತವಾಗಿವೆ. ಪಾಠ ಮಾಡುವುದು ಕಾಲೇಜು. ಪಠ್ಯಕ್ರಮ, ಪರೀಕ್ಷೆ, ಪದವಿ ವಿಶ್ವವಿದ್ಯಾಲಯದ್ದು.

ದಾವಣಗೆರೆಯನ್ನೇ ನೋಡಿ. ಇಲ್ಲಿನ ಡಿ.ಆರ್.ಎಂ. ವಿಜ್ಞಾನ ಕಾಲೇಜಿನಂಥ ಹಳೆಯ ಕಾಲೇಜಿನಲ್ಲಿ 1987ಕ್ಕೆ ಮೊದಲು ಓದಿದವರಿಗೆ ಪದವಿ ಕೊಟ್ಟದ್ದು ಮೈಸೂರು ವಿಶ್ವವಿದ್ಯಾಲಯ. ಆ ವರ್ಷ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಪ್ರಮಾಣಪತ್ರದ ಹೆಸರು ಬದಲಾಯಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬಂದಿತು. ಹೆಸರು ಮತ್ತೆ ಬದಲಾಯಿತು. ಕಾಲೇಜು ಅದೇ, ಊರು ಅದೇ. ಹಾಗಾದರೆ ವಿದ್ಯಾರ್ಥಿಯನ್ನು ರೂಪಿಸಿದ್ದು ಪ್ರಮಾಣಪತ್ರದ ಮೇಲಿನ ಹೆಸರೇ, ಎದುರಿಗೆ ನಿಂತು ಪಾಠ ಮಾಡಿದ ಗುರುವೇ?

ಇನ್ನೊಂದು ಬದಲಾವಣೆಯೂ ಆಗಿದೆ. ಬೆಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 1882ರ ಸಂತ ಜೋಸೆಫರ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಗಿ ಉದ್ಘಾಟನೆಗೊಂಡಿತು. ಮಂಗಳೂರಿನಲ್ಲಿ ಯೇಸುಸಭೆಯವರು 1880ರಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಹೀಗೆ ಬದಲಾದ ಸಂಸ್ಥೆ ತನ್ನ ಪಠ್ಯಕ್ರಮವನ್ನು ತಾನೇ ರೂಪಿಸಬಹುದು, ಪರೀಕ್ಷೆಯನ್ನು ತಾನೇ ನಡೆಸಬಹುದು. ಇದು ದೊಡ್ಡ ಅನುಕೂಲ. ಆದರೆ ನಿಮ್ಮ ಮಗುವಿನ ತರಗತಿಯಲ್ಲಿ ಎಷ್ಟು ಮಂದಿ ಇರುತ್ತಾರೆ, ಯಾರು ಪಾಠ ಮಾಡುತ್ತಾರೆ ಎಂಬುದನ್ನು 'ವಿಶ್ವವಿದ್ಯಾಲಯ' ಎಂಬ ಪದ ಹೇಳುವುದಿಲ್ಲ. ಅದನ್ನು ನಾವೇ ಹೋಗಿ ಕೇಳಬೇಕು.

ಎರಡರ ಬಲ, ಎರಡರ ಕೊರತೆ

ಸಣ್ಣ ಕಾಲೇಜಿನ ಬಲ ಪರಿಚಯ. ಎರಡು ದಿನ ಬಾರದಿದ್ದರೆ "ಯಾಕಮ್ಮಾ ಬರಲಿಲ್ಲ?" ಎಂದು ಕೇಳುವವರಿರುತ್ತಾರೆ. ನಾಲ್ಕು ಜನರ ಮುಂದೆ ಮಾತನಾಡಲು ಹಿಂಜರಿಯುವ ಹುಡುಗನೂ ಅಲ್ಲಿ ಒಮ್ಮೆಯಾದರೂ ವೇದಿಕೆ ಹತ್ತುತ್ತಾನೆ. ಹರಿಹರದ ಹುಡುಗಿಗೆ ದಾವಣಗೆರೆ ಸುಮಾರು 14 ಕಿಲೋಮೀಟರ್. 2023ರ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚೂ ಇಲ್ಲ.

ಕೊರತೆಯನ್ನೂ ಮರೆಮಾಚಬಾರದು. ಕೆಲವು ಕಡೆ ಅತಿಥಿ ಉಪನ್ಯಾಸಕರನ್ನೇ ನೆಚ್ಚಿ ವರ್ಷ ಸಾಗುತ್ತದೆ. ಮಗು ಬಯಸಿದ ವಿಷಯವೇ ಇರದಿರಬಹುದು. ಮನಶ್ಶಾಸ್ತ್ರ ಓದಬೇಕೆಂದವಳನ್ನು "ಇಲ್ಲಿ ಇರುವುದನ್ನೇ ಓದು" ಎಂದು ಕೂರಿಸಿದರೆ ಅವಳು ಮೂರು ವರ್ಷ ಕೊರಗಿಯಾಳು.

ದೊಡ್ಡ ಸಂಸ್ಥೆಯಲ್ಲಿ ವಿಷಯಗಳ ಆಯ್ಕೆಯಿದೆ, ದೊಡ್ಡ ಗ್ರಂಥಾಲಯವಿದೆ, ಬೇರೆ ಬೇರೆ ರಾಜ್ಯಗಳ ಸಹಪಾಠಿಗಳಿದ್ದಾರೆ. ತಾನೇ ಹೋಗಿ ಕೇಳಿ ಪಡೆಯುವ ಸ್ವಭಾವದವರು ಅಲ್ಲಿ ಬೆಳೆಯುತ್ತಾರೆ. ಕೇಳಲು ಅಂಜುವವರು ಗುಂಪಿನಲ್ಲಿ ಕಳೆದುಹೋಗುವ ಅಪಾಯವೂ ಇದೆ. ಆದ್ದರಿಂದ ಪ್ರಶ್ನೆ 'ಯಾವುದು ದೊಡ್ಡದು?' ಎಂಬುದಲ್ಲ, 'ನಮ್ಮ ಮಗು ಎಂಥದು, ಅದಕ್ಕೆ ಬೇಕಾದ ವಿಷಯ ಎಲ್ಲಿ ಚೆನ್ನಾಗಿ ಸಿಗುತ್ತದೆ?' ಎಂಬುದು.

2019ರಲ್ಲಿ ಸಂತ ಪದವಿಗೇರಿದ ಜಾನ್ ಹೆನ್ರಿ ನ್ಯೂಮನ್ ಆಕ್ಸ್‌ಫರ್ಡ್‌ನಲ್ಲಿ ಓದಿ, ಅಲ್ಲಿಯೇ ಕಲಿಸಿದವರು. ಮುಂದೆ ಡಬ್ಲಿನ್‌ನಲ್ಲಿ ಕಥೋಲಿಕ ವಿಶ್ವವಿದ್ಯಾಲಯ ಕಟ್ಟಲು ಹೊರಟಾಗ ಅವರು ಇದೇ ಪ್ರಶ್ನೆಯನ್ನು ಚಿಂತಿಸಿದರು. ಜ್ಞಾನ ಮುಂದುವರಿಯಲು ವಿಶ್ವವಿದ್ಯಾಲಯ ಬೇಕು. ವಿದ್ಯಾರ್ಥಿಯ ನಡತೆ, ಶಿಸ್ತು ನೆಲೆಗೊಳ್ಳಲು ಕಾಲೇಜು ಬೇಕು. ಒಂದಿಲ್ಲದೆ ಇನ್ನೊಂದು ಅಪೂರ್ಣ ಎಂಬುದು ಅವರ ಅಭಿಪ್ರಾಯವಾಗಿತ್ತು.

ನಮ್ಮ ಊರಿನಲ್ಲಿ ಇವೆರಡನ್ನೂ ಒಂದರ ನಂತರ ಒಂದು ಪಡೆಯುವ ದಾರಿಯಿದೆ. ಪದವಿಯನ್ನು ಹತ್ತಿರದ ಒಳ್ಳೆಯ ಕಾಲೇಜಿನಲ್ಲಿ ಮುಗಿಸಿ, ಸ್ನಾತಕೋತ್ತರ ವ್ಯಾಸಂಗಕ್ಕೆ ತೋಳಹುಣಸೆಯ ಶಿವಗಂಗೋತ್ರಿಗೋ, ಶಂಕರಘಟ್ಟಕ್ಕೋ, ಮೈಸೂರಿನ ಮಾನಸಗಂಗೋತ್ರಿಗೋ ಹೋಗಬಹುದು. ಹದಿನೆಂಟರಲ್ಲಿ ಊರು ಬಿಡದವರು ಇಪ್ಪತ್ತೊಂದರಲ್ಲಿ ಬಿಟ್ಟರೆ ತಡವೇನೂ ಆಗುವುದಿಲ್ಲ.

ಸೇರಿಸುವ ಮೊದಲು

1. ತರಗತಿ ನಡೆಯುವ ದಿನ ಕಾಲೇಜಿಗೆ ಹೋಗಿ. ಮಗುವಿನ ವಿಷಯಕ್ಕೆ ಕಾಯಂ ಅಧ್ಯಾಪಕರು ಎಷ್ಟು ಮಂದಿ ಎಂದು ಕೇಳಿ.

2. ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಮಾತನಾಡಿಸಿ. ಪ್ರಯೋಗಾಲಯ, ಗ್ರಂಥಾಲಯ ನಿಜವಾಗಿ ತೆರೆದಿರುತ್ತವೆಯೇ ಎಂಬುದು ಅವರಿಗೆ ಗೊತ್ತು.

3. ಸಂಸ್ಥೆಗೆ ಯು.ಜಿ.ಸಿ. ಮಾನ್ಯತೆ ಇದೆಯೇ, ಪದವಿ ಎಷ್ಟು ವರ್ಷದ್ದು ಎಂದು ವಿಚಾರಿಸಿ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು 2024–25ರಿಂದ ಮೂರು ವರ್ಷದ ಪದವಿಗೆ ಮರಳಿವೆ. ಬೇರೆ ಕಡೆ ನಾಲ್ಕು ವರ್ಷವಾದರೆ ಖರ್ಚೂ ಒಂದು ವರ್ಷ ಹೆಚ್ಚು.

4. ಮೊದಲ ವರ್ಷದ ಶುಲ್ಕವನ್ನಷ್ಟೇ ನೋಡಬೇಡಿ. ಹಾಸ್ಟೆಲ್, ಊಟ, ಓಡಾಟ ಸೇರಿಸಿ ಕೊನೆಯ ವರ್ಷದವರೆಗೆ ಲೆಕ್ಕ ಹಾಕಿ. ಗೋಪುರ ಕಟ್ಟಹೊರಟವನ ಸಾಮತಿಯನ್ನು ನಾವೆಲ್ಲ ಕೇಳಿದ್ದೇವೆ. ತಂಗಿ, ತಮ್ಮಂದಿರ ಓದಿಗೆ ಎಷ್ಟು ಉಳಿಯುತ್ತದೆ ಎಂಬುದೂ ಈ ಲೆಕ್ಕದಲ್ಲಿ ಸೇರಲಿ.

ಪೋಷಕರಿಗೆ ಒಂದು ಮಾತು

ಮಗಳನ್ನು ಊರಿನಲ್ಲೇ ಓದಿಸಲು ಒಳ್ಳೆಯ ಕಾರಣಗಳಿರಬಹುದು. ಆದರೆ 'ಅವಳು ಹೆಣ್ಣು' ಎಂಬುದು ಕಾರಣವಾಗಬಾರದು. ಮಗನಿಗಾಗಿ ಸಾಲ ಮಾಡಲು ಸಿದ್ಧರಾದ ನಾವು ಮಗಳ ವಿಷಯದಲ್ಲಿ ಮಾತ್ರ ಮನೆಯೂಟದ ನೆಪ ಹೇಳಿದರೆ, ಅವಳಿಗೆ ಅದು ತಿಳಿಯುತ್ತದೆ. ಬಾಯಿ ಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಉಳಿಯುತ್ತದೆ. ಹಣದ ಅಡಚಣೆಯಿದ್ದರೆ ಹಣವೆಂದೇ ಹೇಳಿ. ಸತ್ಯ ಹೇಳಿದರೆ ಮಕ್ಕಳು ಅರ್ಥಮಾಡಿಕೊಳ್ಳುತ್ತಾರೆ. ಹಾಗೆಯೇ ಮಕ್ಕಳೂ 'ಗೆಳತಿಯರು ಹೋಗ್ತಾರೆ' ಎಂಬುದನ್ನು ಬಿಟ್ಟು, ಅಲ್ಲಿ ಏನು ಓದಬೇಕೆಂದಿದ್ದೇವೆ ಎಂದು ಹೇಳಲು ಕಲಿಯಬೇಕು.

ಮನೆಯಲ್ಲಿ ಕುಳಿತು ಚರ್ಚಿಸಲು

• ನಮ್ಮ ಮಗುವಿಗೆ ನಿಜವಾಗಿ ಇಷ್ಟವಾದ ವಿಷಯ ಯಾವುದು? ಅದನ್ನು ನಾವು ಕೇಳಿದ್ದೇವೆಯೇ?

• ಆಯ್ಕೆಮಾಡಿದ ಸಂಸ್ಥೆಯಲ್ಲಿ ಮಗು ಕಷ್ಟದಲ್ಲಿದ್ದರೆ ಮೊದಲು ಗಮನಿಸುವವರು ಯಾರು?

• ಮಗಳ ಜಾಗದಲ್ಲಿ ಮಗನಿದ್ದರೂ ಇದೇ ತೀರ್ಮಾನ ಮಾಡುತ್ತಿದ್ದೆವೇ?